ಅಕ್ಕನ ಹೆಸರಿಗೆ ಬರೆದುಕೊಟ್ಟ ಅಧಿಕಾರ ಪತ್ರ

ನಮ್ಮ ತಂದೆಯವರು 2021ರ ಮೇ ತಿಂಗಳಲ್ಲಿ ತೀರಿಕೊಂಡಾಗ ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಕೊರೊನಾದ ಎರಡನೆಯ ಅಲೆ ಜೋರಾಗಿದ್ದ ಆ ದಿನಗಳಲ್ಲಿ ಹೊರಟು ಬರಲು ನನ್ನಿಂದಾಗಲಿಲ್ಲ. ಮೈಸೂರಿನಲ್ಲಿ ನಡೆಯಬೇಕಾದುದನ್ನೆಲ್ಲ ಅಕ್ಕ ಮತ್ತು ಭಾವನವರೇ ಮುಂದೆ ನಿಂತು ನಡೆಸಿದರು. ಆಸ್ತಿಯ ವಿಚಾರವನ್ನು ಆಗ ಯಾರೂ ಎತ್ತಲಿಲ್ಲ, ಎತ್ತುವ ಮನಸ್ಸೂ ಯಾರಿಗೂ ಇರಲಿಲ್ಲ.

ಹೈಸ್ಕೂಲು ಮೇಷ್ಟರಾಗಿದ್ದ ತಂದೆಯವರು ತಮ್ಮ ಸಂಬಳದಲ್ಲಿ ಮಾಡಿಟ್ಟಿದ್ದು ಎರಡೇ ಸ್ವತ್ತುಗಳು. ಕುವೆಂಪುನಗರದ ಮನೆಯ ಕೆಳಗೆ ಅಮ್ಮ ಇರುತ್ತಾಳೆ, ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಎರಡನೆಯದು 1994ರಲ್ಲಿ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರದಿಂದ (ಮುಡಾ) ಮಂಜೂರಾದ ವಿಜಯನಗರದ ಮೂವತ್ತು ನಲವತ್ತರ ನಿವೇಶನ. ಎರಡೂ ಅವರ ಸ್ವಯಾರ್ಜಿತ, ಮತ್ತು ಅವರು ಉಯಿಲು ಬರೆದಿರಲಿಲ್ಲ. ಹೀಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅಮ್ಮ, ಅಕ್ಕ ಮತ್ತು ನಾನು ಸಮಪಾಲಿನ ವಾರಸುದಾರರಾದೆವು. ಇದರ ಅರ್ಥ ನನಗೆ ಸರಿಯಾಗಿ ತಿಳಿದದ್ದು 2022ರ ಆಗಸ್ಟಿನಲ್ಲಿ, ಮೂರು ವಾರದ ರಜೆಯ ಮೇಲೆ ಊರಿಗೆ ಬಂದಾಗ. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಋಣಭಾರ ಪತ್ರ, ಹಳೆಯ ಕಂದಾಯ ರಸೀದಿಗಳು ಇವನ್ನೆಲ್ಲ ಹೊಂದಿಸಿ ಖಾತೆ ಬದಲಾವಣೆಗೆ ಅರ್ಜಿ ಕೊಡುವಷ್ಟರಲ್ಲಿ ನನ್ನ ರಜೆ ಮುಗಿದಿತ್ತು. ಖಾತೆ ಮೂವರ ಹೆಸರಿಗೆ ಬಂದಾಗ ನಾನು ಮರಳಿ ಸ್ಟುಟ್‌ಗಾರ್ಟ್‌ನಲ್ಲಿದ್ದೆ. ಆಮೇಲೆ ಬಾಡಿಗೆ ಕರಾರಿಗೂ ನೀರಿನ ಸಂಪರ್ಕದ ಅರ್ಜಿಗೂ ಮೂರು ಸಹಿ ಬೇಕಾಗುತ್ತಿದ್ದವು, ಅವುಗಳಲ್ಲಿ ಎರಡು ಮಾತ್ರ ಮೈಸೂರಿನಲ್ಲಿದ್ದವು.

ಅಕ್ಕ ಫೋನಿನಲ್ಲಿ ಹೇಳಿದಳು: "ನೋಡಪ್ಪಾ, ಹೋದಲ್ಲೆಲ್ಲ ತಮ್ಮ ಎಲ್ಲಿ, ತಮ್ಮನ ಸಹಿ ಎಲ್ಲಿ ಅಂತಾರೆ. ನೀನು ಭಾವನ ಹೆಸರಿಗೆ ಒಂದು ಜಿಪಿಎ ಮಾಡಿಕೊಟ್ಟುಬಿಡು. ಓಡಾಡೋದೆಲ್ಲ ಅವರೇ ತಾನೆ."

ಜಿಪಿಎ ಎಂದರೆ ಜನರಲ್ ಪವರ್ ಆಫ್ ಅಟಾರ್ನಿ, ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಬರೆದುಕೊಡುವ ಸಾಮಾನ್ಯ ಅಧಿಕಾರ ಪತ್ರ. ನನಗೂ ಅದೇ ಸರಿಯೆನ್ನಿಸಿತು. ಮೈಸೂರಿನ ಪರಿಚಿತರೊಬ್ಬರು ತಮ್ಮಲ್ಲಿದ್ದ ಒಂದು ಸಿದ್ಧ ಮಾದರಿಯನ್ನು ಕಳುಹಿಸಿಕೊಟ್ಟರು. ಎಂಟು ಪುಟಗಳ ಆ ಪತ್ರವನ್ನು ಒಂದು ಭಾನುವಾರ ಕೂತು ಓದಿದೆ. ನನ್ನ ಪರವಾಗಿ ಸ್ವತ್ತನ್ನು ಮಾರಲು, ದಾನ ಕೊಡಲು, ಅಡಮಾನ ಇಡಲು, ವಿಭಾಗ ಮಾಡಿಕೊಳ್ಳಲು, ಸಾಲ ಪಡೆಯಲು, ಮೊಕದ್ದಮೆ ಹೂಡಲು, ರಾಜಿ ಮಾಡಿಕೊಳ್ಳಲು, ಬೇರೊಬ್ಬರನ್ನು ಪ್ರತಿನಿಧಿಯಾಗಿ ನೇಮಿಸಲು, ಹಣ ಪಡೆದು ರಸೀದಿ ಕೊಡಲು ಹೀಗೆ ಇಪ್ಪತ್ತನಾಲ್ಕು ಅಧಿಕಾರಗಳನ್ನು ಅದರಲ್ಲಿ ಒಂದರ ಕೆಳಗೊಂದು ಬರೆದಿದ್ದರು. ಯಾವ ಸ್ವತ್ತು ಎಂಬ ಜಾಗದಲ್ಲಿ "ನನಗೆ ಸೇರಿದ ಹಾಗೂ ಮುಂದೆ ಸೇರಬಹುದಾದ ಎಲ್ಲ ಸ್ಥಿರ ಮತ್ತು ಚರ ಸ್ವತ್ತುಗಳು" ಎಂಬ ಒಂದೇ ಸಾಲಿತ್ತು. ಭಾವನವರ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ, ನಮ್ಮ ಮನೆಗೆ ಅವರು ಅಳಿಯನಿಗಿಂತ ಹೆಚ್ಚಾಗಿ ಹಿರಿಮಗನಂತೆ ನಡೆದುಕೊಂಡವರು. ಆದರೂ ಆ ಸಾಲಿನ ಮೇಲೆ ಕಣ್ಣು ನಿಂತಿತು. ಬಾಡಿಗೆ ಕರಾರಿಗೆ ಸಹಿ ಹಾಕಲು ನನ್ನ ಮುಂದಿನ ಜೀವಮಾನದ ಗಳಿಕೆಯನ್ನೂ ದಾನ ಕೊಡುವ ಅಧಿಕಾರ ಏಕೆ ಬೇಕು? ವಿಶ್ವಾಸವನ್ನು ಆ ಕಾಗದದಲ್ಲಿ ಬರೆಯುತ್ತಿಲ್ಲ, ಅಧಿಕಾರವನ್ನು ಬರೆಯುತ್ತಿದ್ದೇವೆ, ಮತ್ತು ಆ ಕಾಗದ ಯಾರ ಕೈಗೆ ಸಿಕ್ಕರೂ ಅದರಲ್ಲಿ ಬರೆದಿರುವುದನ್ನೇ ಹೇಳುತ್ತದೆ ಎಂದು ನನಗೆ ಅಂದು ಅನ್ನಿಸಿತು. ಇಂದಿಗೂ ನನ್ನ ಅಭಿಪ್ರಾಯ ಅದೇ.

ಭಾವನವರಿಗೆ ಫೋನು ಮಾಡಿ ಇದನ್ನು ಹೇಳುವುದಕ್ಕೆ ನನಗೆ ಸಂಕೋಚವಿತ್ತು. ಅವರೇ ಆ ಸಂಕೋಚವನ್ನು ತೆಗೆದುಹಾಕಿದರು. ತಾವು ಆಗಲೇ ಒಬ್ಬ ವಕೀಲರ ಬಳಿ ಹೋಗಿ ಬಂದಿರುವುದಾಗಿ ತಿಳಿಸಿ, "ನನ್ನ ಹೆಸರೇ ಬೇಡ, ನಿಮ್ಮ ಅಕ್ಕನ ಹೆಸರಿಗೆ ಬರೆಯಿರಿ" ಎಂದರು. ಕಾರಣ ಮುದ್ರಾಂಕ ಶುಲ್ಕ. ತಂದೆ, ತಾಯಿ, ಗಂಡ, ಹೆಂಡತಿ, ಮಗ, ಮಗಳು, ಸಹೋದರ, ಸಹೋದರಿ ಇಷ್ಟು ಸಂಬಂಧಗಳನ್ನು ಬಿಟ್ಟು ಬೇರೆ ಯಾರಿಗೇ ಕರ್ನಾಟಕದ ಸ್ಥಿರಾಸ್ತಿಯನ್ನು ಮಾರುವ ಅಧಿಕಾರ ಕೊಟ್ಟರೂ ಆ ಅಧಿಕಾರ ಪತ್ರದ ಮೇಲಿನ ಶುಲ್ಕವನ್ನು ಸ್ವತ್ತಿನ ಮಾರುಕಟ್ಟೆ ಬೆಲೆಯ ಲೆಕ್ಕದಲ್ಲಿ ಕಟ್ಟಬೇಕಾಗುತ್ತದೆ. ಈ ಪಟ್ಟಿಯಲ್ಲಿ ಅಕ್ಕ ಇದ್ದಾಳೆ, ಅಕ್ಕನ ಗಂಡ ಇಲ್ಲ. ಮನೆಯೊಳಗಿನ ಸಂಬಂಧವೇ ಬೇರೆ, ಕಾಯ್ದೆಯ ಪಟ್ಟಿಯಲ್ಲಿರುವ ಸಂಬಂಧವೇ ಬೇರೆ. ಸಿದ್ಧ ಮಾದರಿಗೆ ಕಣ್ಣು ಮುಚ್ಚಿ ಸಹಿ ಹಾಕಿದ್ದರೆ ಲಕ್ಷಗಟ್ಟಲೆ ಶುಲ್ಕ ಬೀಳುತ್ತಿತ್ತು.

ವಕೀಲರು ಇನ್ನೊಂದು ಮಾತನ್ನೂ ಹೇಳಿದ್ದರು. ನಮ್ಮ ಕಡೆ "ಜಿಪಿಎ ಮೇಲೆ ಸೈಟು ತಗೊಂಡೆ" ಎಂದು ಜನ ಸಹಜವಾಗಿ ಹೇಳುತ್ತಾರೆ. 1882ರ ಅಧಿಕಾರ ಪತ್ರ ಕಾಯ್ದೆಯ ಕಾಲದಿಂದಲೂ ಈ ಪತ್ರ ಪ್ರತಿನಿಧಿಯ ನೇಮಕವೇ ಹೊರತು ಹಕ್ಕಿನ ವರ್ಗಾವಣೆಯಲ್ಲ. ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರ ಅಕ್ಟೋಬರ್ 11ರಂದು ಅದನ್ನು ಮತ್ತೊಮ್ಮೆ ಖಚಿತವಾಗಿ ಹೇಳಿತು: ಸ್ಥಿರಾಸ್ತಿಯ ಮಾಲೀಕತ್ವ ನೋಂದಾಯಿತ ಕ್ರಯಪತ್ರದ ಮೂಲಕವೇ ಸಾಗಬೇಕು, ಜಿಪಿಎ ಮೂಲಕ ಸಾಗುವುದಿಲ್ಲ. ಅದೇ ತೀರ್ಪು ಮನೆಯವರಿಗೆ ವ್ಯವಹಾರ ನೋಡಿಕೊಳ್ಳಲೆಂದು ಪ್ರಾಮಾಣಿಕವಾಗಿ ಕೊಡುವ ಅಧಿಕಾರ ಪತ್ರಗಳಿಗೆ ಯಾವ ಬಾಧೆಯೂ ಇಲ್ಲವೆಂದೂ ಹೇಳಿದೆ. ನನ್ನಂಥವರಿಗೆ ಉಪಯೋಗವಾಗುವುದು ಆ ಎರಡನೆಯ ಮಾತು.

ಕೊನೆಗೆ ಒಂದರ ಬದಲು ಎರಡು ಪತ್ರಗಳನ್ನು ಬರೆಸುವುದೆಂದು ತೀರ್ಮಾನವಾಯಿತು. ಮೊದಲನೆಯದು ಕುವೆಂಪುನಗರದ ಮನೆಯ ನಿರ್ವಹಣೆಗೆ: ಬಾಡಿಗೆ ಕರಾರು, ಬಾಡಿಗೆ ವಸೂಲಿ, ಕಂದಾಯ, ದುರಸ್ತಿ, ನೀರು ಮತ್ತು ವಿದ್ಯುತ್ ಕಚೇರಿಗಳಲ್ಲಿ ಅರ್ಜಿ. ಮಾರುವ, ಅಡವಿಡುವ, ದಾನ ಕೊಡುವ ಅಧಿಕಾರ ಇಲ್ಲವೆಂದು ಅದರಲ್ಲಿ ಸ್ಪಷ್ಟವಾಗಿ ಬರೆಸಿದೆವು. ಮಾರಾಟದ ಅಧಿಕಾರವೇ ಇಲ್ಲದ್ದರಿಂದ ಇದರಲ್ಲಿ ಅಕ್ಕನ ಜೊತೆಗೆ ಭಾವನವರ ಹೆಸರನ್ನೂ ಸೇರಿಸಿ, ಇಬ್ಬರೂ ಒಟ್ಟಾಗಿ ಅಥವಾ ಯಾರಾದರೊಬ್ಬರು ಕೆಲಸ ಮಾಡಬಹುದೆಂದು ನಮೂದಿಸಲು ಅನುಕೂಲವಾಯಿತು. ಎರಡನೆಯದು ವಿಶೇಷ ಅಧಿಕಾರ ಪತ್ರ, ವಿಜಯನಗರದ ನಿವೇಶನದಲ್ಲಿ ನನಗಿರುವ ಮೂರನೇ ಒಂದು ಪಾಲನ್ನು ಮಾರುವುದಕ್ಕಾಗಿ, ಅಕ್ಕನೊಬ್ಬಳ ಹೆಸರಿಗೆ. ನಿವೇಶನವನ್ನು ಮಾರುವುದು ಅಮ್ಮನ ಇಚ್ಛೆಯಾಗಿತ್ತು. ತನ್ನ ಆಸ್ಪತ್ರೆ ಖರ್ಚಿಗೆ ಮಕ್ಕಳ ಮುಂದೆ ಕೈಯೊಡ್ಡುವುದು ಅವಳಿಗೆ ಬೇಕಿರಲಿಲ್ಲ.

ಅಧಿಕಾರ ಪತ್ರದ ಮಾತುಗಳನ್ನು ಕಚೇರಿಗಳಲ್ಲಿ ಬಿಗಿಯಾಗಿ ಓದುತ್ತಾರೆ, ಬರೆಯದೇ ಇರುವುದನ್ನು ಯಾರೂ ಊಹಿಸಿಕೊಳ್ಳುವುದಿಲ್ಲ. "ಮಾರಲು" ಎಂದಷ್ಟೇ ಇದ್ದರೆ ಸಾಲದು. ಕ್ರಯದ ಕರಾರು ಮಾಡಿಕೊಳ್ಳಲು, ಕ್ರಯಪತ್ರವನ್ನು ಬರೆದುಕೊಡಲು, ಅದನ್ನು ಉಪನೋಂದಣಾಧಿಕಾರಿಯವರ ಮುಂದೆ ಹಾಜರುಪಡಿಸಲು, ಬರೆದುಕೊಟ್ಟಿದ್ದನ್ನು ಒಪ್ಪಿಕೊಳ್ಳಲು, ಸ್ವಾಧೀನ ಬಿಟ್ಟುಕೊಡಲು ಎಂದು ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಬರೆಸಿದೆವು. ನನ್ನ ಪಾಲಿನ ಹಣ ಅಕ್ಕನ ಖಾತೆಗಲ್ಲದೆ ನನ್ನ ಹೆಸರಿನ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದಲ್ಲಿನ ಆದಾಯಕ್ಕಾಗಿ ಇಟ್ಟುಕೊಳ್ಳುವ ಬ್ಯಾಂಕ್ ಖಾತೆ) ನೇರವಾಗಿ ಜಮಾ ಆಗಬೇಕೆಂಬ ಒಂದು ವಾಕ್ಯವನ್ನು ನಾನೇ ಸೇರಿಸಿದೆ. ಇದನ್ನು ಅಕ್ಕನೂ ಬಯಸಿದಳು. ಅಷ್ಟು ಹಣ ತನ್ನ ಖಾತೆಗೆ ಬಂದು ಹೋದರೆ ನಾಳೆ ಆದಾಯ ತೆರಿಗೆಯವರಿಗೆ ತಾನು ಉತ್ತರ ಹೇಳಬೇಕಾಗುತ್ತದೆ ಎಂಬ ಅವಳ ಎಚ್ಚರಿಕೆ ಸರಿಯಾಗಿಯೇ ಇತ್ತು.

ಹೆಸರಿನ ತೊಡಕೂ ಇತ್ತು. ಪಾಸ್‌ಪೋರ್ಟಿನಲ್ಲಿ ನನ್ನ ಹೆಸರಿನ ಹಿಂದೆ ಊರಿನ ಹೆಸರೂ ತಂದೆಯ ಹೆಸರೂ ಪೂರ್ತಿಯಾಗಿವೆ, ಆಸ್ತಿಯ ಖಾತೆಯಲ್ಲಿ ಎರಡು ಇನಿಷಿಯಲ್ ಮಾತ್ರ ಇವೆ. ಎರಡೂ ರೂಪಗಳನ್ನು ನಡುವೆ "ಉರುಫ್" ಹಾಕಿ ಬರೆದು, ಪಾಸ್‌ಪೋರ್ಟ್ ಸಂಖ್ಯೆಯನ್ನೂ ಪ್ಯಾನ್ ಸಂಖ್ಯೆಯನ್ನೂ ಜೊತೆಗೆ ಕೊಟ್ಟೆವು.

ಕರಡು ಸಿದ್ಧವಾದ ಮೇಲೆ ಅಕ್ಕ ಅದನ್ನು ಅಮ್ಮನಿಗೆ ಓದಿ ಹೇಳಿದಳು. ಇಂಗ್ಲಿಷಿನಲ್ಲಿದ್ದ ಪತ್ರದ ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳುತ್ತ ಷೆಡ್ಯೂಲಿನ ಚಕ್ಕುಬಂದಿಗೆ, ಅಂದರೆ ನಿವೇಶನದ ನಾಲ್ಕು ಗಡಿಗಳ ವಿವರಕ್ಕೆ ಬಂದಾಗ, "ಪೂರ್ವಕ್ಕೆ ರಸ್ತೆ" ಎಂದು ಕೇಳಿದ ಕೂಡಲೇ ಅಮ್ಮ ತಡೆದಳಂತೆ. "ಅದು ಹೇಗಾಗುತ್ತೆ? ಸಾಯಂಕಾಲ ನಾವು ಗಿಡಕ್ಕೆ ನೀರು ಹಾಕೋಕೆ ಹೋದಾಗ ರಸ್ತೆ ಕಡೆಯಿಂದಲೇ ಬಿಸಿಲು ಕಣ್ಣಿಗೆ ಹೊಡೀತಿತ್ತು. ರಸ್ತೆ ಪಡುವಲಿಗೇ ಇರೋದು." ಟ್ರಂಕಿನಿಂದ ಮುಡಾದ ಸ್ವಾಧೀನ ಪತ್ರವನ್ನೂ ಕ್ರಯಪತ್ರವನ್ನೂ ತೆಗೆದು ನೋಡಿದರೆ ಅಮ್ಮ ಹೇಳಿದ್ದೇ ಸರಿ, ಪಶ್ಚಿಮಕ್ಕೆ ರಸ್ತೆ, ಪೂರ್ವಕ್ಕೆ ಪಕ್ಕದ ಸಾಲಿನ ನಿವೇಶನ. ಕರಡು ಟೈಪು ಮಾಡುವಾಗ ಎರಡು ದಿಕ್ಕುಗಳು ಅದಲುಬದಲಾಗಿದ್ದವು. ಕ್ರಯಪತ್ರದ ಚಕ್ಕುಬಂದಿಗೂ ಅಧಿಕಾರ ಪತ್ರದ ಚಕ್ಕುಬಂದಿಗೂ ತಾಳೆಯಾಗದಿದ್ದರೆ ನೋಂದಣಿಯ ದಿನ ಇಡೀ ಕೆಲಸ ನಿಲ್ಲುತ್ತಿತ್ತು. ಎರಡು ಸಲ ಓದಿದ್ದ ನಾನು ಅದನ್ನು ಗಮನಿಸಿರಲಿಲ್ಲ. ಮೂವತ್ತು ವರ್ಷದ ಹಿಂದಿನ ಸಂಜೆಬಿಸಿಲು ಅಮ್ಮನಿಗೆ ನೆನಪಿತ್ತು.

ಇನ್ನು ಸಹಿ ಎಲ್ಲಿ ಹಾಕಬೇಕೆಂಬ ಪ್ರಶ್ನೆ. ಅಮೆರಿಕದಲ್ಲಿರುವ ನನ್ನ ಗೆಳೆಯನೊಬ್ಬ ಅಲ್ಲಿನ ನೋಟರಿಯ ಮುಂದೆ ಸಹಿ ಹಾಕಿ, ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಪ್ಪುವಂತೆ ಮಾಡುವ ಅಪೊಸ್ಟಿಲ್ ಮುದ್ರೆಯನ್ನು ಅದಕ್ಕೆ ಹಾಕಿಸಿ ಊರಿಗೆ ಕಳುಹಿಸಿದ್ದ. ಭಾರತಕ್ಕೆ ಹೇಗ್ ಅಪೊಸ್ಟಿಲ್ ಒಪ್ಪಂದ 2005ರ ಜುಲೈ 14ರಿಂದ ಜಾರಿಯಲ್ಲಿದೆ, ಜರ್ಮನಿಯೂ ಅದರ ಸದಸ್ಯ ರಾಷ್ಟ್ರವೇ, ಆದ್ದರಿಂದ ಇಲ್ಲಿಯೂ ಹಾಗೆಯೇ ಎಂದುಕೊಂಡಿದ್ದೆ. ಆದರೆ ಭಾರತ ಆ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಸಲ್ಲಿಸಿದ್ದರಿಂದ ಈ ಎರಡು ದೇಶಗಳ ನಡುವೆ ಮಾತ್ರ ಅದು ಅನ್ವಯವಾಗುವುದಿಲ್ಲವೆಂದು ಆಮೇಲೆ ತಿಳಿಯಿತು. ಹೀಗಾಗಿ ನನಗೆ ಉಳಿದ ನೇರ ದಾರಿ ಭಾರತೀಯ ಕಾನ್ಸುಲೇಟ್. 1908ರ ನೋಂದಣಿ ಕಾಯ್ದೆಯ 33ನೇ ಕಲಂ ಕೂಡ ಭಾರತದಲ್ಲಿ ವಾಸವಿಲ್ಲದವರು ಬರೆದುಕೊಡುವ ಅಧಿಕಾರ ಪತ್ರವನ್ನು ದೃಢೀಕರಿಸಬಲ್ಲವರ ಪಟ್ಟಿಯಲ್ಲಿ ನೋಟರಿ, ನ್ಯಾಯಾಲಯ, ನ್ಯಾಯಾಧೀಶರ ಜೊತೆಗೆ ಭಾರತದ ಕಾನ್ಸುಲ್ ಅವರನ್ನೂ ಹೆಸರಿಸಿದೆ.

ಸ್ಟುಟ್‌ಗಾರ್ಟ್ ಇರುವ ಬಾಡೆನ್ ವುರ್ಟೆಂಬರ್ಗ್ ರಾಜ್ಯ ಮ್ಯೂನಿಕ್ ಕಾನ್ಸುಲೇಟಿನ ವ್ಯಾಪ್ತಿಗೆ ಸೇರುತ್ತದೆ. ಮೊದಲೇ ಸಮಯ ಕಾದಿರಿಸಿ, 2022ರ ಅಕ್ಟೋಬರಿನ ಒಂದು ಬೆಳಿಗ್ಗೆ ಸಾಕ್ಷಿಗಳಾಗಿ ಬರಲು ಒಪ್ಪಿದ ಇಬ್ಬರು ಕನ್ನಡಿಗ ಗೆಳೆಯರೊಂದಿಗೆ ರೈಲು ಹಿಡಿದು ಹೋದೆ. ಪತ್ರವನ್ನು ಬಿಳಿ ಕಾಗದದ ಮೇಲೆಯೇ ಅಚ್ಚು ಹಾಕಿಸಿದ್ದೆ. ವಿದೇಶದಲ್ಲಿ ಬರೆದುಕೊಡುವ ಪತ್ರಕ್ಕೆ ಭಾರತದ ಛಾಪಾ ಕಾಗದ ಬೇಕಿಲ್ಲ, ಮುದ್ರಾಂಕವನ್ನು ಅದು ಊರಿಗೆ ತಲುಪಿದ ಮೇಲೆ ಹಾಕಿಸುವುದು. ಮನೆಯಲ್ಲಿ ಸಹಿ ಹಾಕಿಕೊಂಡು ಹೋಗಬಾರದು, ಅಧಿಕಾರಿಯ ಕಣ್ಣೆದುರೇ ಹಾಕಬೇಕು. ಅಧಿಕಾರಿ ನನ್ನ ಪಾಸ್‌ಪೋರ್ಟನ್ನೂ ವಾಸದ ಪರವಾನಗಿಯನ್ನೂ ನೋಡಿ, ಪತ್ರವನ್ನು ನಾನು ಓದಿ ತಿಳಿದುಕೊಂಡಿದ್ದೇನೆಯೇ, ಯಾರದಾದರೂ ಒತ್ತಾಯವಿದೆಯೇ ಎಂದು ಕೇಳಿದರು. ಪ್ರತಿ ಪುಟದ ಕೆಳಗೂ ಸಹಿ ಹಾಕಿದೆ, ಭಾವಚಿತ್ರದ ಪಕ್ಕದಲ್ಲಿ ಎಡಗೈ ಹೆಬ್ಬೆಟ್ಟು ಒತ್ತಿದೆ. ಸಾಕ್ಷಿಗಳು ಸಹಿ ಹಾಕಿದರು. ಕಾನ್ಸುಲೇಟಿನ ಮೊಹರು ಬಿತ್ತು. ಪತ್ರದ ಒಳಗಿನ ವಿಷಯಕ್ಕೆ ತಾವು ಹೊಣೆಯಲ್ಲ ಎಂಬ ಸಾಲೂ ಅದರ ಜೊತೆಗಿತ್ತು. ಅವರು ದೃಢೀಕರಿಸಿದ್ದು ನನ್ನ ಗುರುತನ್ನೂ ನನ್ನ ಸಹಿಯನ್ನೂ ಮಾತ್ರ. ಒಳಗಿನ ಮಾತಿನ ಜವಾಬ್ದಾರಿ ಪೂರ್ತಿ ನನ್ನದು.

ಪತ್ರಗಳು ನವೆಂಬರ್ ಮೊದಲ ವಾರದಲ್ಲಿ ಕೊರಿಯರ್ ಮೂಲಕ ಮೈಸೂರಿಗೆ ತಲುಪಿದವು. ಅದೇ ವಾರ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆ, ಆಸ್ಪತ್ರೆ, ಮನೆಗೆ ಬಂದ ಮೇಲೆ ಹಗಲೂ ರಾತ್ರಿ ಆರೈಕೆ ಇವುಗಳ ನಡುವೆ ಆ ಲಕೋಟೆಯನ್ನು ಅಕ್ಕ ಬೀರುವಿನ ಸೀರೆಗಳ ಕೆಳಗೆ ಜೋಪಾನವಾಗಿಟ್ಟಳು. ಮತ್ತೆ ಅದನ್ನು ತೆಗೆದದ್ದು ಫೆಬ್ರುವರಿ ಕೊನೆಯಲ್ಲಿ. ವಿದೇಶದಲ್ಲಿ ಬರೆದ ಪತ್ರ ರಾಜ್ಯಕ್ಕೆ ಮೊದಲು ತಲುಪಿದ ದಿನದಿಂದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಹಾಕಿಸಬೇಕೆಂದು 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಆ ಮೂರು ತಿಂಗಳು ಆಗಲೇ ಮುಗಿದುಹೋಗಿದ್ದವು.

ಅಕ್ಕ ಫೋನಿನಲ್ಲಿ ಅತ್ತುಬಿಟ್ಟಳು. ತಪ್ಪು ಅವಳದಲ್ಲ. ಗಡುವಿನ ವಿಷಯವನ್ನು ಲಕೋಟೆಯೊಳಗೆ ಒಂದು ಚೀಟಿಯಲ್ಲಿ ಬರೆದು ಹಾಕಬೇಕಾಗಿದ್ದವನು ನಾನು, ಮತ್ತು ಅಷ್ಟು ದೂರದಲ್ಲಿ ಕುಳಿತು ತಾರೀಖನ್ನು ನೆನಪಿಡುವುದೊಂದೇ ನನ್ನಿಂದ ಆಗಬಹುದಾಗಿದ್ದ ಕೆಲಸ. ದಂಡ ಕಟ್ಟಿ ಅದೇ ಪತ್ರಗಳನ್ನು ಸರಿಪಡಿಸಿಕೊಳ್ಳಲು ಓಡಾಡುವುದಕ್ಕಿಂತ ಹೊಸದಾಗಿ ಬರೆದುಕೊಡುವುದೇ ಸುಲಭವೆಂದು ವಕೀಲರು ಹೇಳಿದರು. 2023ರ ಏಪ್ರಿಲಿನಲ್ಲಿ ಮತ್ತೆ ಮ್ಯೂನಿಕ್‌ಗೆ ಹೋಗಿ, ಹಳೆಯ ಎರಡನ್ನೂ ರದ್ದುಪಡಿಸಿರುವುದಾಗಿ ಹೊಸ ಪತ್ರಗಳಲ್ಲಿಯೇ ಬರೆಸಿ ಸಹಿ ಹಾಕಿದೆ.

ಈ ಸಲ ಲಕೋಟೆ ಕೈಗೆ ಬಂದ ನಾಲ್ಕನೆಯ ದಿನವೇ ಅಕ್ಕ ಜಿಲ್ಲಾ ನೋಂದಣಾಧಿಕಾರಿಯವರ ಕಚೇರಿಗೆ ಹೋದಳು. ಅಲ್ಲಿ ಕೊರಿಯರ್ ಲಕೋಟೆಯನ್ನೂ ಕೇಳಿದರು, ಪತ್ರ ಯಾವ ದಿನ ತಲುಪಿತೆಂಬುದಕ್ಕೆ ಅದರ ಮೇಲಿನ ತಾರೀಖೇ ಆಧಾರ. ಸುದೈವದಿಂದ ಅವಳು ಅದನ್ನು ಎಸೆದಿರಲಿಲ್ಲ. ಹೀಗೆ ಪತ್ರ ಕಳುಹಿಸುವವರೆಲ್ಲರಿಗೂ ನಾನು ಹೇಳುವುದು ಇದನ್ನೇ: ಲಕೋಟೆಯನ್ನು ಪತ್ರದಷ್ಟೇ ಜೋಪಾನ ಮಾಡಿ, ತಲುಪಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ.

ಮನೆಯ ನಿರ್ವಹಣೆಯ ಪತ್ರ ಬಂದ ಮೇಲೆ ಬಾಡಿಗೆ ಕರಾರನ್ನು ಹೊಸದಾಗಿ ಮಾಡಿಕೊಂಡೆವು. ಆಗ ತಿಳಿದ ಇನ್ನೊಂದು ವಿಷಯವೆಂದರೆ, ಅನಿವಾಸಿಗೆ ಸೇರುವ ಬಾಡಿಗೆಯ ಪಾಲಿನಿಂದ ಬಾಡಿಗೆದಾರರು ಮೂಲದಲ್ಲಿಯೇ ತೆರಿಗೆ ಕಡಿತ ಮಾಡಬೇಕು, ಅದೂ ಸೆಸ್ ಸೇರಿ ಶೇ 31.2ರಷ್ಟು. ನಿವಾಸಿ ಮಾಲೀಕರ ವಿಷಯದಲ್ಲಿರುವಂತೆ ಇಂತಿಷ್ಟು ಮೊತ್ತ ಮೀರಿದರೆ ಮಾತ್ರ ಎಂಬ ವಿನಾಯಿತಿ ಇದಕ್ಕಿಲ್ಲ. ಬ್ಯಾಂಕಿನ ನೌಕರಿಯಲ್ಲಿರುವ ನಮ್ಮ ಬಾಡಿಗೆದಾರರು ತೆರಿಗೆ ಕಡಿತ ಮಾಡುವವರಿಗೆ ಕೊಡುವ ಟ್ಯಾನ್ ಸಂಖ್ಯೆಯನ್ನು ತಾಳ್ಮೆಯಿಂದ ಪಡೆದು, ನನ್ನ ಪಾಲಿನ ತೆರಿಗೆಯನ್ನು ಕಳೆದು ಕಟ್ಟುತ್ತಿದ್ದಾರೆ. ನಾನು ಪ್ರತಿ ವರ್ಷ ರಿಟರ್ನ್ಸ್ ಸಲ್ಲಿಸಿ ಹೆಚ್ಚುವರಿಯನ್ನು ಮರಳಿ ಪಡೆಯುತ್ತೇನೆ. ನನ್ನ ಎನ್‌ಆರ್‌ಒ ಖಾತೆಯಿರುವ ಬ್ಯಾಂಕು ಮಾತ್ರ ಕಾನ್ಸುಲೇಟ್ ದೃಢೀಕರಿಸಿದ ಪತ್ರವನ್ನು ಒಪ್ಪಲಿಲ್ಲ, ಖಾತೆ ನಡೆಸಲು ತಮ್ಮದೇ ನಮೂನೆಯಲ್ಲಿ ಬೇರೆ ಅಧಿಕಾರ ಪತ್ರ ಬೇಕೆಂದರು. ಅದಕ್ಕೆ ಎರಡು ತಿಂಗಳು ಹಿಡಿಯಿತು.

ನಿವೇಶನಕ್ಕೆ ಕೊಳ್ಳುವವರು ಸಿಕ್ಕಿದ್ದು 2023ರ ಸೆಪ್ಟೆಂಬರಿನಲ್ಲಿ, ಅದೇ ಬಡಾವಣೆಯಲ್ಲಿದ್ದ ನಿವೃತ್ತ ದಂಪತಿ. ಅನಿವಾಸಿಯಿಂದ ಸ್ವತ್ತು ಕೊಳ್ಳುವವರು ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 195ನೇ ಕಲಮಿನಂತೆ ತೆರಿಗೆ ಹಿಡಿದುಕೊಳ್ಳಬೇಕಾಗಿತ್ತು. ಲಾಭ ಎಷ್ಟೆಂದು ಕೊಳ್ಳುವವರಿಗೆ ತಿಳಿಯುವ ಬಗೆಯಿಲ್ಲದ ಕಾರಣ ಸಾಮಾನ್ಯವಾಗಿ ಪೂರ್ತಿ ಮೊತ್ತದ ಮೇಲೆಯೇ ಹಿಡಿಯುತ್ತಾರೆ. ಅಷ್ಟು ಹಣ ಒಂದು ವರ್ಷ ಸಿಕ್ಕಿಹಾಕಿಕೊಳ್ಳುವುದು ಬೇಡವೆಂದು 13ನೇ ನಮೂನೆಯಲ್ಲಿ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ವಾರಸಾಗಿ ಬಂದ ಸ್ವತ್ತಿಗೆ ತಂದೆಯವರು ಕೊಟ್ಟ ಬೆಲೆಯನ್ನೇ ನನ್ನ ಬೆಲೆಯೆಂದು ಹಿಡಿಯುತ್ತಾರೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ತೆಗೆದುಕೊಳ್ಳುವ ಅವಕಾಶವಿದೆ. ನಾವು ಹಾಗೆ ಮಾಡಿದೆವು. ಪ್ರಮಾಣಪತ್ರ ಬಂದದ್ದು ಜನವರಿಯಲ್ಲಿ. ಕೊಳ್ಳುವವರಿಗೆ ನಾಲ್ಕು ತಿಂಗಳು ಕಾಯುವ ಮನಸ್ಸಿದ್ದದ್ದು ನಮ್ಮ ಪುಣ್ಯ; ಹಾಗೆ ಕಾಯಲು ಎಲ್ಲರೂ ಒಪ್ಪುವುದಿಲ್ಲವಾದ್ದರಿಂದ ಕರಾರು ಮಾಡಿಕೊಳ್ಳುವಾಗಲೇ ಅವರಿಗೆ ಇದನ್ನು ತಿಳಿಸಿಬಿಡುವುದು ನ್ಯಾಯ.

ನೋಂದಣಿಗೆ ಹತ್ತು ದಿನ ಮೊದಲು ಮತ್ತೊಂದು ಕಾಗದ ಬೇಕೆಂದು ಉಪನೋಂದಣಾಧಿಕಾರಿಯವರ ಕಚೇರಿಯಿಂದ ಹೇಳಿಕಳುಹಿಸಿದರು, ನಾನು ಬದುಕಿದ್ದೇನೆ ಎಂಬುದಕ್ಕೆ ಪ್ರಮಾಣಪತ್ರ. ಕೇಳಿದಾಗ ಮನಸ್ಸಿಗೆ ಒಂದು ಬಗೆಯಾಯಿತು. ಆದರೆ ಅದರ ಹಿಂದಿರುವ ಕಾರಣ ದೊಡ್ಡದು. ಬರೆದುಕೊಟ್ಟವನು ತೀರಿಕೊಂಡರೆ ಸಾಮಾನ್ಯವಾಗಿ ಅಧಿಕಾರ ಪತ್ರದ ಬಲ ಮುಗಿಯುತ್ತದೆ, ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನಲ್ಲಿ ಅದು ಇದೆ. ಎಷ್ಟೋ ಮನೆಗಳಲ್ಲಿ ತಂದೆ ತೀರಿಕೊಂಡ ಮೇಲೆಯೂ ಅವರ ಹಳೆಯ ಜಿಪಿಎ ಹಿಡಿದು ವ್ಯವಹಾರ ಮಾಡಲು ಹೋಗಿ ಮಕ್ಕಳು ಮಕ್ಕಳೇ ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ. ಮೂರನೆಯ ಸಲ ಮ್ಯೂನಿಕ್‌ಗೆ ಹೋಗಿ ಆ ಪ್ರಮಾಣಪತ್ರವನ್ನು ತಂದು ಕಳುಹಿಸಿದೆ.

2024ರ ಫೆಬ್ರುವರಿಯಲ್ಲಿ ಕ್ರಯಪತ್ರ ನೋಂದಣಿಯಾಯಿತು. ಅಮ್ಮ ವಾಕರ್ ಹಿಡಿದುಕೊಂಡು ಬಂದಿದ್ದಳು. ಅಕ್ಕ ಎರಡು ಸಲ ಸಹಿ ಹಾಕಿದಳು, ಒಮ್ಮೆ ತನಗಾಗಿ, ಇನ್ನೊಮ್ಮೆ ನನ್ನ ಹೆಸರನ್ನು ಬರೆದು ಅದರ ಕೆಳಗೆ ಅಧಿಕಾರ ಪತ್ರದ ಮೂಲಕ ನನ್ನ ಪ್ರತಿನಿಧಿಯಾಗಿ. ಎರಡನೆಯ ಸಹಿಗೆ ಮೊದಲು ಅವಳು ಪೆನ್ನು ಹಿಡಿದು ಒಂದು ನಿಮಿಷ ಸುಮ್ಮನೆ ಕುಳಿತಿದ್ದಳೆಂದು ಭಾವನವರು ಆ ಸಂಜೆ ಹೇಳಿದರು. ಹಣ ಮೂವರ ಖಾತೆಗಳಿಗೆ ಬೇರೆ ಬೇರೆಯಾಗಿ ಬಂತು. ಎನ್‌ಆರ್‌ಒ ಖಾತೆಯಿಂದ ವಿದೇಶಕ್ಕೆ ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ಡಾಲರ್‌ವರೆಗೆ, ಆದಾಯ ತೆರಿಗೆಯ 15ಸಿಎ ಮತ್ತು 15ಸಿಬಿ ನಮೂನೆಗಳೊಂದಿಗೆ ಸಾಗಿಸಲು ಆಗ ಅವಕಾಶವಿತ್ತು. ನಾನು ಸಾಗಿಸಲಿಲ್ಲ, ಅದು ಅಮ್ಮನ ಆರೈಕೆಗೆಂದೇ ಅಲ್ಲಿರುತ್ತದೆ.

ನೋಂದಣಿ ಮುಗಿದ ಮೇಲೆ ಕೊಳ್ಳುವವರು ಮಾರಾಟದ ಅಧಿಕಾರ ಪತ್ರದ ಮೂಲಪ್ರತಿಯನ್ನು ಕೇಳಿ ಪಡೆದುಕೊಂಡರು. ಅವರ ಕ್ರಯಪತ್ರದಲ್ಲಿ ನನ್ನ ಪಾಲಿಗೆ ಅಕ್ಕ ಸಹಿ ಹಾಕಿದ್ದು ಆ ಕಾಗದದ ಬಲದಿಂದಲೇ ಆದ್ದರಿಂದ ಅದು ಅವರ ದಾಖಲೆಗಳ ಕಟ್ಟಿನಲ್ಲಿಯೇ ಇರಬೇಕಾದದ್ದು. ಎರಡು ಪತ್ರ ಬರೆಸಿದ್ದರ ಉಪಯೋಗ ನನಗೆ ಪೂರ್ತಿಯಾಗಿ ಕಂಡದ್ದು ಆ ಹೊತ್ತಿನಲ್ಲಿ. ಎಲ್ಲವನ್ನೂ ಒಂದೇ ಕಾಗದದಲ್ಲಿ ತುಂಬಿದ್ದರೆ ಮನೆಯ ವ್ಯವಹಾರ ನೋಡಿಕೊಳ್ಳಲು ಅಕ್ಕನ ಕೈಯಲ್ಲಿ ಮೂಲಪ್ರತಿಯೇ ಉಳಿಯುತ್ತಿರಲಿಲ್ಲ, ಕುವೆಂಪುನಗರದ ಮನೆಯ ಮೇಲಿನ ಅಧಿಕಾರವನ್ನು ಹೇಳುವ ಕಾಗದ ಅಪರಿಚಿತರ ಬೀರುವಿನಲ್ಲಿರುತ್ತಿತ್ತು. ಕ್ರಯಪತ್ರ ನೋಂದಣಿಯಾದ ದಿನಕ್ಕೇ ಮಾರುವ ಅಧಿಕಾರ ಮುಗಿಯತಕ್ಕದ್ದೆಂದು ಮಾರಾಟದ ಪತ್ರದಲ್ಲಿಯೇ ಬರೆದಿದ್ದರಿಂದ ಬೇರೆ ರದ್ದತಿ ಪತ್ರದ ಅಗತ್ಯವೂ ಬೀಳಲಿಲ್ಲ.

ಈಗ ಅಕ್ಕನ ಬಳಿ ಇರುವುದು ನಿರ್ವಹಣೆಯ ಪತ್ರವೊಂದೇ. ಪ್ರತಿನಿಧಿಯಾದವರು ಕೇಳಿದಾಗ ಲೆಕ್ಕ ಒಪ್ಪಿಸಬೇಕೆಂದು ಕರಾರು ಕಾಯ್ದೆಯಲ್ಲಿದೆ. ನಾನು ಒಂದು ದಿನವೂ ಕೇಳಿದವನಲ್ಲ, ಹಾಗೊಂದು ನಿಯಮವಿರುವುದು ಅವಳಿಗೆ ತಿಳಿದಂತೆಯೂ ಇಲ್ಲ. ಆದರೂ ಪ್ರತಿ ತಿಂಗಳ ಮೊದಲ ವಾರ ಗೆರೆ ಹಾಕಿದ ನೋಟುಪುಸ್ತಕದ ಒಂದು ಪುಟದ ಫೋಟೊ ತಪ್ಪದೆ ಬರುತ್ತದೆ. ಕಳೆದ ತಿಂಗಳ ಪುಟದಲ್ಲಿ ಬಾಡಿಗೆ ಬಂದ ತಾರೀಖು, ಮಹಡಿಯ ಟ್ಯಾಂಕು ತೊಳೆಸಿದ ಖರ್ಚು, ಮೋಟಾರಿನ ರಿಪೇರಿ ಇದ್ದವು. ಅವುಗಳ ಕೆಳಗೆ "ಅಮ್ಮನ ಔಷಧಿ" ಎಂದು ಬರೆದು, ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣಕ್ಷರಗಳಲ್ಲಿ "ಇದು ನನ್ನ ಲೆಕ್ಕ" ಎಂದು ಬರೆದಿದ್ದಳು.